ಮರಳಿ ಬಾರದ ದೊರೆ: ಗ್ರೀಕ್ ಪುರಾಣವೂ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ವೂ

ಗ್ರೀಕರಲ್ಲಿ ‘ನೋಸ್ಟೋಸ್’ ಎಂಬ ಪದವೊಂದುಂಟು. ದೂರದೇಶದಿಂದ, ವಿಶೇಷವಾಗಿ ಕಡಲ ಮಾರ್ಗವಾಗಿ, ಸ್ವಗೃಹಕ್ಕೆ ಹಿಂದಿರುಗುವುದೆಂದು ಅದರ ಅರ್ಥ. ಟ್ರಾಯ್ ನಗರ ಬಿದ್ದ ಮೇಲೆ ವೀರರು ಮನೆ ಸೇರಿದ, ಸೇರದೆ ಹೋದ ಕಥೆಗಳೇ ಅಲ್ಲಿ ಒಂದು ಕಾವ್ಯಪರಂಪರೆಯಾಗಿ ಬೆಳೆದವು. ಅಗಮೆಮ್ನಾನನು ಮನೆ ತಲುಪಿದೊಡನೆಯೇ ಹತನಾದನು. ಅಯಾಸನು ಮನೆಯನ್ನು ಕಾಣಲೇ ಇಲ್ಲ. ಸಾಫೊಕ್ಲೀಸ್ ರಚಿಸಿದ ಅವನ ದುರಂತವೇ 1929ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕಕ್ಕೆ ಮೂಲವಾಯಿತು. ಯುದ್ಧದಲ್ಲಿ ಹತ್ತು ವರ್ಷ, ಅಲೆದಾಟದಲ್ಲಿ ಹತ್ತು ವರ್ಷ ಕಳೆದ ಒಡಿಸ್ಯೂಸನಾದರೋ ಭಿಕ್ಷುಕನ ವೇಷದಲ್ಲಿ ಇಥಾಕಾ ದ್ವೀಪಕ್ಕೆ ಬರುತ್ತಾನೆ. ಅವನನ್ನು ಮುದಿನಾಯಿಯೊಂದು ಗುರುತಿಸುತ್ತದೆ. ಕಾಲು ತೊಳೆಯುವ ದಾದಿ ಹಳೆಯ ಗಾಯದ ಕಲೆಯಿಂದ ಗುರುತಿಸುತ್ತಾಳೆ. ಹೆಂಡತಿ ಎಲ್ಲರಿಗಿಂತ ತಡವಾಗಿ, ಪರೀಕ್ಷಿಸಿ, ಒಪ್ಪುತ್ತಾಳೆ. ಮನೆಗೆ ಬರುವುದೆಂದರೆ ಹೊಸಿಲು ದಾಟುವುದಷ್ಟೇ ಅಲ್ಲ, ಒಳಗಿನವರ ಗುರುತಿಗೆ ಸಿಕ್ಕುವುದು ಎಂಬ ತಿಳಿವು ಹೋಮರನದು.

ಈ ಅಳತೆಗೋಲನ್ನು ಹಿಡಿದು ನಮ್ಮ ಕಾದಂಬರಿಯೊಂದನ್ನು ನೋಡಬಹುದಾಗಿದೆ. ಹಿಂದೆ ಸುಗಟೂರು ಪ್ರಭುಗಳು ಆಳಿದ ಸೀಮೆಯಿಂದ, ಮಾಲೂರು ತಾಲ್ಲೂಕಿನಿಂದ, ಬಂದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1956ರಲ್ಲಿ ‘ಚಿಕವೀರ ರಾಜೇಂದ್ರ’ವನ್ನು ಪ್ರಕಟಿಸಿದರು. ಕೊಡಗನ್ನಾಳಿದ ಹಾಲೇರಿ ವಂಶ ವೀರಶೈವ ವಂಶವೆಂಬುದು ವಾಚಕರಿಗೆ ವಿದಿತವೇ ಇದೆ. ಅದರ ಕಡೆಯ ಅರಸನು 1834ರಲ್ಲಿ ಕಂಪನಿಯವರಿಂದ ಪದಚ್ಯುತನಾಗಿ ಕಾಶಿಯಲ್ಲಿ ಬಹುಕಾಲವಿದ್ದು, 1852ರಲ್ಲಿ ಮಗಳೊಡನೆ ಇಂಗ್ಲೆಂಡಿಗೆ ಹೋಗಿ, 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಒಡಿಸ್ಯೂಸನದು ಇಪ್ಪತ್ತು ವರ್ಷದ ಅಗಲಿಕೆ; ಇವನದು ಇಪ್ಪತ್ತೈದು, ಕೊನೆಗೂ ತೀರದ್ದು.

ಮಾಸ್ತಿಯವರು ಈ ದೇಶಾಂತರವಾಸಕ್ಕೆ ಹೆಚ್ಚು ಪುಟಗಳನ್ನು ಕೊಟ್ಟಿಲ್ಲ. ಕಥೆಯ ಭಾರವೆಲ್ಲ ಮಡಿಕೇರಿಯ ಮೇಲೆಯೇ. ಮೊದಲ ಓದಿಗೆ ಇದೊಂದು ಕೊರತೆಯೆನಿಸುತ್ತದೆ. ನನಗೂ ಹಾಗೆಯೇ ಅನಿಸಿತ್ತು. ಆದರೆ ಮರಳುವ ದಾರಿ ಮುಚ್ಚಿದ್ದು ಹಡಗು ಹತ್ತಿದ ದಿನವಲ್ಲ, ಅರಮನೆಯಲ್ಲಿದ್ದಾಗಲೇ ಎಂಬುದನ್ನು ಕಾದಂಬರಿ ತೋರಿಸುತ್ತದೆ. ಒಡಿಸ್ಯೂಸನಿಗೆ ಪೀಠ ಕಾದಿರಿಸಿದವರಿದ್ದರು. ಇಲ್ಲಿ ಮಂತ್ರಿಗಳ ಮನಸ್ಸೇ ಮುರಿದಿದೆ. ರಾಣಿ ಗೌರಮ್ಮನು ಪೆನೆಲೊಪೆಯಂತೆ ದೂರದ ಗಂಡನಿಗಾಗಿ ಕಾದಿರುವವಳಲ್ಲ. ಬಳಿಯಲ್ಲೇ ಇದ್ದು ಕೈಜಾರಿ ಹೋಗುತ್ತಿರುವವನನ್ನು ಉಳಿಸಿಕೊಳ್ಳಲು ಹೆಣಗುವವಳು. ಈ ಹೆಣಗಾಟವೇ ಹೆಚ್ಚು ಕರುಣಾಜನಕವೆಂದು ನನ್ನ ಎಣಿಕೆ.

ನಮ್ಮ ಸಮಾಜದ ದೊರೆಯನ್ನು ಲೇಖಕರು ಕೆಡುಕನನ್ನಾಗಿ ಚಿತ್ರಿಸಿದರಲ್ಲಾ ಎಂಬ ನೋವು ಭಕ್ತರಲ್ಲಿ ಕೆಲವರಿಗೆ ಆಗುವುದು ಸಹಜ. ಅರಸನನ್ನು ಕೆಳಗಿಳಿಸಿದವರು ಬರೆದಿಟ್ಟ ವೃತ್ತಾಂತಗಳಲ್ಲಿ ಸ್ವಾರ್ಥವಿಲ್ಲದಿಲ್ಲವೆಂಬುದೂ ನಿಜ. ಆದರೂ ಮಾಸ್ತಿಯವರು ಕೇಡನ್ನು ಒಬ್ಬನ ತಲೆಗೇ ಕಟ್ಟಿಲ್ಲವೆಂಬುದಕ್ಕೆ ಭಗವತಿಯ ಪಾತ್ರವೇ ಸಾಕ್ಷಿ. ಹಿಂದಿನ ಅರಸ ಲಿಂಗರಾಜನಿಂದ ತಿರಸ್ಕೃತಳಾಗಿ ದೂರವಾದ ಹೆಣ್ಣು ಅನೇಕ ವರ್ಷಗಳ ಮೇಲೆ, ಬೇರೊಂದು ಹೆಸರಿನಲ್ಲಿ, ಕೊಡಗಿಗೆ ಮರಳುತ್ತಾಳೆ. ಅರಸನ ಬಂಟನಾಗಿ ಬೆಳೆದ ಕುಂಟ ಬಸವ ಅವಳ ಮಗ. ಈ ಕಾದಂಬರಿಯಲ್ಲಿ ನಿಜವಾದ ‘ನೋಸ್ಟೋಸ್’ ಇವಳದು: ವೇಷವುಂಟು, ಗುಟ್ಟುಂಟು, ಕಡೆಗೆ ಗುರುತೂ ಉಂಟು. ಆದರೆ ಗುರುತು ಹೊರಬೀಳುವ ವೇಳೆಗೆ ಕಾಲ ಮಿಂಚಿರುತ್ತದೆ. ತಂದೆಯ ಕಾಲದ ಅನ್ಯಾಯ ಮಗನ ಕಾಲದಲ್ಲಿ ಮನೆಗೆ ಬರುವ ಈ ಬಗೆ ಇಥಾಕೆಯದಲ್ಲ, ಅಗಮೆಮ್ನಾನನ ಮನೆಯದು.

ಚರಿತ್ರೆ ಇನ್ನೊಂದು ವಿಚಿತ್ರವನ್ನು ಒದಗಿಸುತ್ತದೆ. 1837ರ ಅಮರಸುಳ್ಯದ ದಂಗೆಯಲ್ಲಿ ಪುಟ್ಟಬಸಪ್ಪನೆಂಬುವನು ತಾನೇ ಹಾಲೇರಿ ವಂಶದ ಕಲ್ಯಾಣಸ್ವಾಮಿಯೆಂದು ಮುಂದೆ ಬಂದನು. ಜನ ಅವನ ಹಿಂದೆ ನಡೆದರು. ಇಥಾಕೆಯಲ್ಲಿ ಅರಸನು ಭಿಕ್ಷುಕನ ವೇಷದಲ್ಲಿ ಬಂದರೆ ಇಲ್ಲಿ ಸಾಮಾನ್ಯನೊಬ್ಬನು ಅರಸುಮಗನ ಹೆಸರಿನಲ್ಲಿ ಬಂದು ಗಲ್ಲಿಗೇರಿದನು. ನಿರಂಜನರು ಕಾದಂಬರಿಗೆ ಆಯ್ದುಕೊಂಡದ್ದು ಈ ದಂಗೆಯ ವಸ್ತುವನ್ನು.

ಮುಂದಿನ ಕವಿಗಳಲ್ಲಿ ಡಾಂಟೆಯು ಯುಲಿಸಿಸನನ್ನು ಮನೆಗೆ ಕಳುಹಿಸದೆ ಕಡಲಿನಲ್ಲಿಯೇ ಮುಳುಗಿಸಿದನು. 1302ರಲ್ಲಿ ಫ್ಲಾರೆನ್ಸಿನಿಂದ ಬಹಿಷ್ಕೃತನಾಗಿ ಊರಿಗೆ ಮರಳದೆಯೇ 1321ರಲ್ಲಿ ರಾವೆನ್ನಾದಲ್ಲಿ ಸತ್ತ ಕವಿಗೆ ಬೇರೆ ಮುಕ್ತಾಯ ತೋರದಿದ್ದುದು ಆಶ್ಚರ್ಯವಲ್ಲ. ಅಂಧ ಈಡಿಪಸನು ಪರನೆಲದಲ್ಲಿ ಮಡಿದರೂ ಅವನ ಸಮಾಧಿ ಆ ನೆಲಕ್ಕೆ ರಕ್ಷೆಯೆಂದು ಸಾಫೊಕ್ಲೀಸನು ಹೇಳಿದನು. ಕೊಡಗಿನ ಅರಸನಿಗೆ ಅಷ್ಟೂ ದೊರೆಯಲಿಲ್ಲ. ಮಡಿಕೇರಿಯಲ್ಲಿ ತಂದೆ ಲಿಂಗರಾಜನಿಗೆ 1820ರಲ್ಲಿ ಗದ್ದುಗೆ ಕಟ್ಟಿಸಿದವನು ಇವನೇ. ದೊಡ್ಡವೀರ ರಾಜೇಂದ್ರನ ಗದ್ದುಗೆಯೂ ಅಲ್ಲಿಯೇ ಇದೆ. ಇವನ ದೇಹ ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದ ಮಣ್ಣು ಸೇರಿತು.

ಈ ಕಾದಂಬರಿ ಬಂದ ಹದಿನಾರು ವರ್ಷಗಳ ತರುವಾಯ, 1972ರಲ್ಲಿ, ಮಾಸ್ತಿಯವರು ‘ಶ್ರೀರಾಮ ಪಟ್ಟಾಭಿಷೇಕ’ವನ್ನು ಹೊರತಂದರು. ಅದು ವನವಾಸ ಮುಗಿಸಿ ಮರಳಿದ ಅರಸನ ಕಾವ್ಯ. ಅಲ್ಲಿ ಪೀಠವನ್ನು ಕಾಯ್ದ ಭರತನಿದ್ದಾನೆ. ಎರಡೂ ಕೃತಿಗಳನ್ನು ಒಬ್ಬನೇ ಲೇಖಕನ ಕೈಯವೆಂದು ಒಟ್ಟಿಗೆ ಇಟ್ಟು ಓದಿದ ವಿದ್ಯಾರ್ಥಿಗಳು ವಿರಳ.