ದಿಗಿಲು ಬಿಡಿಸುವ ಬಗೆ

1

ದಲಿತ ಸಾಹಿತ್ಯದ ಬಗ್ಗೆ ಕನ್ನಡ ವಿಮರ್ಶೆ ಆಡಿರುವ ಮಾತುಗಳಲ್ಲಿ ಎರಡು ಪದ ಮತ್ತೆ ಮತ್ತೆ ಎದುರಾಗುತ್ತವೆ: ನೋವು ಮತ್ತು ಸಿಟ್ಟು. ನೋವಿದ್ದರೆ ಅನುಭವ ಅಸಲಿ, ಸಿಟ್ಟಿದ್ದರೆ ಬಂಡಾಯ ಅಸಲಿ ಎಂದು ಮುದ್ರೆ ಒತ್ತಿ ಪುಸ್ತಕ ಮುಚ್ಚುತ್ತೇವೆ. ನಮ್ಮ ಕೋಲಾರದ ಕಡೆಯ ಕೇರಿಗಳಲ್ಲಿ ದಿನ ಬೆಳಗಾದರೆ ಕೇಳಿಸುವ ಮೂರನೆಯ ಪದವೊಂದು ಈ ವಿಮರ್ಶೆಯಲ್ಲಿಲ್ಲ. ಅದು ದಿಗಿಲು. 'ಮಗೀಗೆ ದಿಗಿಲು ಬಿದ್ದೈತೆ ಕಣಣ್ಣ' ಅಂದರೆ ಮಗು ಉಣ್ಣುತ್ತಿಲ್ಲ, ನಿದ್ದೆಯಲ್ಲಿ ಬೆಚ್ಚಿ ಏಳುತ್ತದೆ, ಬಾಗಿಲು ಸದ್ದಾದರೆ ಮೂಲೆ ಸೇರುತ್ತದೆ ಎಂದರ್ಥ. ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮನೆಮಾತಿನವರು ಇದನ್ನೇ 'ದಡುಚುಕುನ್ನಾಡು' ಅನ್ನುತ್ತಾರೆ. ಅಂತ್ರ ಕಟ್ಟಿಸುತ್ತಾರೆ, ನೀವಳಿಸಿ ಹಾಕುತ್ತಾರೆ. ಮಗುವಿಗಾದರೆ ಇಷ್ಟಾದರೂ ಉಂಟು. ದೊಡ್ಡವರಿಗೆ ದಿಗಿಲು ಬಿದ್ದರೆ? ಒಂದು ಇಡೀ ಕೇರಿಗೇ ಬಿದ್ದರೆ?

ಅಮೆರಿಕದ ಮನೋವೈದ್ಯರು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಪಾಡು ಕಂಡ ಮೇಲೆ, ಇಂಥ ಲಕ್ಷಣಗಳಿಗೆ ಹೆಸರು ಕೊಟ್ಟು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಜೂಡಿತ್ ಹರ್ಮನ್ ಎಂಬ ಮನೋವೈದ್ಯೆ 1992ರ ತಮ್ಮ ಪುಸ್ತಕದಲ್ಲಿ ವಾಸಿಯಾಗುವ ದಾರಿಯನ್ನು ಮೂರು ಮೆಟ್ಟಿಲಾಗಿ ವಿವರಿಸಿದರು: ಮೊದಲು ಸುರಕ್ಷತೆ, ಆಮೇಲೆ ನಡೆದದ್ದನ್ನು ನೆನೆದು ಅಳುವುದು, ಕೊನೆಗೆ ಜನರೊಡನೆ ಮರಳಿ ಬೆರೆಯುವುದು. ಸುರಕ್ಷತೆ ಇಲ್ಲದೆ ಗಾಯ ಕೆದಕಿದರೆ ಗಾಯ ದೊಡ್ಡದಾಗುತ್ತದೆ ಎಂಬುದು ಅವರ ಎಚ್ಚರಿಕೆ. ನಮ್ಮ ತಾಲೂಕುಗಳಲ್ಲಿ ಆ ಮೊದಲ ಮೆಟ್ಟಿಲು ಎಲ್ಲಿದೆ ಎಂಬುದು ನನ್ನ ಪ್ರಶ್ನೆ.

2

2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಉತ್ಸವದ ಕೋಲು ಮುಟ್ಟಿದನೆಂದು ದಲಿತ ಹುಡುಗನೊಬ್ಬನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. 2023ರ ಡಿಸೆಂಬರಿನಲ್ಲಿ ಅದೇ ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸಂಗತಿ ಹೊರಬಿತ್ತು. ಈ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು 'ಅದೆಲ್ಲಾ ಮುಗಿದೋಯ್ತು ಕಂದಾ' ಅನ್ನಲು ಯಾರಿಗೆ ಬಾಯಿ ಬರುತ್ತದೆ? ಸೈನಿಕ ಯುದ್ಧಭೂಮಿ ಬಿಟ್ಟು ಮನೆಗೆ ಬಂದ. ಕೇರಿಯವನಿಗೆ ಮನೆಯೂ ಅಲ್ಲೇ, ಯುದ್ಧಭೂಮಿಯೂ ಅಲ್ಲೇ. ದಂಡ ಹಾಕಿದವರ ಅಂಗಡಿಯಲ್ಲೇ ಉಪ್ಪು ಮೆಣಸಿನಕಾಯಿ ತರಬೇಕು.

ಇದನ್ನು ಅಂಬೇಡ್ಕರ್ 1930ರ ದಶಕದಲ್ಲೇ ಬರೆದಿಟ್ಟಿದ್ದಾರೆ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಆ ಪುಟ್ಟ ಬರಹದಲ್ಲಿ, ಪರದೇಶದಲ್ಲಿದ್ದ ವರ್ಷಗಳು ತಾವು ಅಸ್ಪೃಶ್ಯರೆಂಬ ಅರಿವನ್ನೇ ಅಳಿಸಿಹಾಕಿದ್ದವು ಎನ್ನುತ್ತಾರೆ. ಬರೋಡಾಕ್ಕೆ ಬಂದ ಮೇಲೆ ಎಲ್ಲಿ ಉಳಿಯುವುದು ಎಂಬ ಒಂದೇ ಪ್ರಶ್ನೆ ಅದನ್ನು ಮತ್ತೆ ಎಬ್ಬಿಸಿತು. ದೊಣ್ಣೆ ಹಿಡಿದವರು ಬಂದು ಪಾರ್ಸಿ ಛತ್ರದಿಂದ ಹೊರಡಿಸಿದ ಗಳಿಗೆಯನ್ನು 18 ವರ್ಷಗಳಾದ ಮೇಲೂ ಕಣ್ಣೀರಿಲ್ಲದೆ ನೆನೆಯಲಾರೆ ಎಂದು ಒಪ್ಪಿಕೊಳ್ಳುತ್ತಾರೆ. ನಾವು ಪ್ರತಿಮೆ ಮಾಡಿ ನಿಲ್ಲಿಸಿದ ಬಾಬಾಸಾಹೇಬರು ಅಳುವುದಿಲ್ಲ. ಈ ಬರಹದ ಬಾಬಾಸಾಹೇಬರು ಅಳುತ್ತಾರೆ. ಪರದೇಶದಲ್ಲಿ ಮಾಗಿದ್ದ ಗಾಯ ಊರಿಗೆ ಬಂದೊಡನೆ ಬಾಯಿ ಬಿಟ್ಟಿತೆಂದರೆ, ಕಾಯಿಲೆಯ ಬೇರು ಅವರ ಮನಸ್ಸಿನಲ್ಲಿರಲಿಲ್ಲ, ಊರಿನಲ್ಲಿತ್ತು.

ಉಳ್ಳೇರಹಳ್ಳಿಯ ಆ ಮನೆಯವರು ಗೋಡೆಯ ಮೇಲಿನ ದೇವರ ಪಟ ಇಳಿಸಿ ಅಂಬೇಡ್ಕರ್ ಪಟ ಇಟ್ಟರು. ಅದು ಪ್ರತಿಭಟನೆ, ಸರಿ. ನನಗೆ ಅದು ಮೊದಲ ಮೆಟ್ಟಿಲನ್ನು ಕೈಲಾದಷ್ಟು ತಾವೇ ಕಟ್ಟಿಕೊಂಡ ಹಾಗೂ ಕಾಣುತ್ತದೆ. ಬೀದಿಯಲ್ಲಿ ಸಿಗದ ರಕ್ಷಣೆಯನ್ನು ಗೋಡೆಯೊಳಗಾದರೂ ತಂದುಕೊಂಡರು.

3

ಕಂಬಾಲಪಲ್ಲಿಯನ್ನು ದಿಗಿಲಿನ ಕಣ್ಣಿಂದ ಮತ್ತೊಮ್ಮೆ ಓದಬೇಕು. 2000ದ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. 'ನಮ್ಮೋರೇ ಕೈಕೊಟ್ರು' ಎಂಬ ಮಾತು ನಮ್ಮ ಸಭೆಗಳಲ್ಲಿ ಇವತ್ತಿಗೂ ಬರುತ್ತದೆ. ಕೋರ್ಟಿನ ಭಾಷೆಯಲ್ಲಿ ಪ್ರತಿಕೂಲ ಸಾಕ್ಷಿ ಅನ್ನಿಸಿಕೊಂಡವನು ಕೇರಿಯ ಭಾಷೆಯಲ್ಲಿ ದಿಗಿಲು ಬಿದ್ದವನು. ಕಟಕಟೆ ಇಳಿದು ಅವನು ಹೋಗಬೇಕಾದ್ದು ಅದೇ ಊರಿಗೆ. ಜೊತೆಗೆ, ಆಘಾತಕ್ಕೆ ಸಿಕ್ಕವರ ನೆನಪು ಚೂರುಚೂರಾಗಿ, ಹಿಂದುಮುಂದಾಗಿ ಬರುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಪಾಟೀಸವಾಲಿಗೆ ಬೇಕಾದ್ದು ತಾರೀಖು, ಹೊತ್ತು, ಅನುಕ್ರಮ. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಗಿ ಸಂತ್ರಸ್ತರ ಮತ್ತು ಸಾಕ್ಷಿಗಳ ಹಕ್ಕುಗಳಿಗೆ ಪ್ರತ್ಯೇಕ ಅಧ್ಯಾಯವೇ ಸೇರಿದೆ. ಅದನ್ನು ಪೊಲೀಸಿನ ಕಾವಲು ಎಂದಷ್ಟೇ ಓದಿದರೆ ಸಾಲದು. ಸಾಕ್ಷಿಯ ನಿದ್ದೆಯನ್ನೂ ಕಾಯಬೇಕು.

4

ಈಗ ಸಾಹಿತ್ಯಕ್ಕೆ ಬರುತ್ತೇನೆ. 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದಾಗಿನಿಂದ ದಲಿತ ಆತ್ಮಕಥೆಗಳಿಗೆ ಒಂದು ಸವಲತ್ತಿನ ಓದು ಗಂಟುಬಿದ್ದಿದೆ: ಬರೆದವರು ನೋವು ತೋಡಿಕೊಂಡು ಹಗುರಾದರು, ಓದಿದವರು ಕಣ್ಣೊರೆಸಿಕೊಂಡು ಶುದ್ಧರಾದರು. ಇದು ಪುಸ್ತಕವನ್ನು ಔಷಧಿಯ ಸೀಸೆ ಮಾಡುವ ಓದು. ಸಿದ್ಧಲಿಂಗಯ್ಯನವರ 'ಊರುಕೇರಿ' ಇದಕ್ಕೆ ಬಗ್ಗುವುದಿಲ್ಲ. ಅಪ್ಪನ ಹೆಗಲಿಗೆ ನೊಗ ಕಟ್ಟಿ ಎತ್ತಿನ ಹಾಗೆ ಉಳಿಸುವುದನ್ನು ಹುಡುಗ ನೋಡುತ್ತಾನೆ. ಲೇಖಕ ಅಲ್ಲಿ ಗೋಳಾಡುವುದಿಲ್ಲ, ನಗಿಸುತ್ತಾ ಮುಂದೆ ಹೋಗುತ್ತಾರೆ. ಸಿಟ್ಟು ಸತ್ತುಹೋಗಿದೆ ಎಂದು ಕೆಲವರಿಗೆ ಅನ್ನಿಸಿದ್ದುಂಟು. ಗಾಯವನ್ನು ಯಾರ ಮುಂದೆ, ಎಷ್ಟು, ಯಾವ ದನಿಯಲ್ಲಿ ಬಿಚ್ಚಬೇಕು ಎಂಬ ತೀರ್ಮಾನ ಗಾಯಗೊಂಡವನದ್ದು. ಆ ನಗು ಈ ಹಕ್ಕನ್ನು ಚಲಾಯಿಸುತ್ತಿದೆ ಎಂಬುದು ನನ್ನ ಓದು. ದೇವನೂರರ 'ಕುಸುಮಬಾಲೆ'ಯಲ್ಲಿ ಮಂಚ ಮಾತಾಡುತ್ತದೆ, ಜೋತಮ್ಮಗಳು ಇರುಳಲ್ಲಿ ಸೇರಿ ಕತೆ ಹೇಳಿಕೊಳ್ಳುತ್ತವೆ. ಇದನ್ನು ಮಾಂತ್ರಿಕ ವಾಸ್ತವವೆಂದು ಲ್ಯಾಟಿನ್ ಅಮೆರಿಕಕ್ಕೆ ಜೋಡಿಸಿದ್ದು ಸಾಕು. ಮನುಷ್ಯರ ಬಾಯನ್ನು ದಿಗಿಲು ಕಟ್ಟಿದ ಕಡೆ ಮನೆಯ ಸಾಮಾನೇ ಸಾಕ್ಷಿ ನುಡಿಯಬೇಕಾಗುತ್ತದೆ. ಅಲ್ಲಿ ಸಾಕ್ಷಿ ತಿರುಗಿಬೀಳುವುದಿಲ್ಲ.

5

ಹಾಗಂತ ಚಿಕಿತ್ಸೆ ಬೇಡ, ಹೋರಾಟವೊಂದೇ ಸಾಕು ಅನ್ನುವವನು ನಾನಲ್ಲ. ಚಳವಳಿಯಲ್ಲಿ ಈ ಅಸಡ್ಡೆ ಬಹಳ ದಿನದಿಂದ ಇದೆ. 'ತಲೆಕೆಟ್ಟೋರ ಡಾಕ್ಟ್ರತ್ರ ಹೋಗೋದಾ?' ಎಂದು ನಗುತ್ತೇವೆ. ಹಗಲು ಮೈಕಿನಲ್ಲಿ ಗುಡುಗಿದ ಗೆಳೆಯರು ರಾತ್ರಿ ನಿದ್ದೆಗಾಗಿ ಕುಡಿದು ಕುಡಿದು ಹೋದದ್ದನ್ನು ಕಂಡಿದ್ದೇವೆ, ಮಣ್ಣು ಹಾಕಿ ಲಾಲ್ ಸಲಾಂ ಹೇಳಿ ಬಂದಿದ್ದೇವೆ. ಅವರ ಹೆಂಡಿರ ದಿಗಿಲನ್ನು ಕೇಳಿದವರು ಯಾರೂ ಇಲ್ಲ. ಫ್ರಾಂಟ್ಜ್ ಫ್ಯಾನನ್ ಆಲ್ಜೀರಿಯಾದ ಆಸ್ಪತ್ರೆಯಲ್ಲಿ ಮನೋವೈದ್ಯನಾಗಿದ್ದ. 1956ರಲ್ಲಿ ಕೆಲಸ ಬಿಟ್ಟು ವಿಮೋಚನಾ ಹೋರಾಟ ಸೇರಿದ. ನಾವು ನೆನೆಯುವುದು ಅಷ್ಟನ್ನೇ. ಅವನ ಕೊನೆಯ ಪುಸ್ತಕದ (1961) ಒಂದು ದೊಡ್ಡ ಅಧ್ಯಾಯ ತುಂಬ ರೋಗಿಗಳ ವಿವರವೇ ಇದೆ. ಹೋರಾಟದ ನಡುವೆಯೂ ಅವನು ಒಬ್ಬೊಬ್ಬರ ನಿದ್ದೆಗೇಡನ್ನು ಬರೆದುಕೊಂಡ.

ಕೋಲಾರದಿಂದ ನಿಮ್ಹಾನ್ಸ್ ಸುಮಾರು 70 ಕಿಲೋಮೀಟರ್. ಕೂಲಿ ಬಿಟ್ಟು ಹೋಗುವ ಹೆಂಗಸಿಗೆ ಅದು ದೂರವೇ. ಹೋದರೂ ತೆಲುಗಿನಲ್ಲಿ ಬಿದ್ದ ದಿಗಿಲನ್ನು ಕನ್ನಡದಲ್ಲಿ ಹೇಳಬೇಕು, ಚೀಟಿ ಇಂಗ್ಲಿಷಿನಲ್ಲಿ ಬರುತ್ತದೆ. ಆಕೆಯ ಕಾಯಿಲೆಯ ಕಾಲಂನಲ್ಲಿ ಜಾತಿಗೆ ಜಾಗವಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಕೇರಿಯ ಮಾತು ಬಲ್ಲ ಆಪ್ತಸಮಾಲೋಚಕರು ಬೇಕೆಂದು ನಾವು ಭೂಮಿ ಕೇಳಿದಷ್ಟೇ ಗಟ್ಟಿಯಾಗಿ ಕೇಳಬೇಕು. ಮೂರನೆಯ ಮೆಟ್ಟಿಲಿಗೆ ನಮ್ಮಲ್ಲೇ ದಾರಿಯಿದೆ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯನವರು ಮತ್ತು ಗೆಳೆಯರು ಕಟ್ಟಿದ ಆದಿಮದಲ್ಲಿ ಹುಣ್ಣಿಮೆ ರಾತ್ರಿ ಹಾಡು, ನಾಟಕ ಕೇಳಲು ಊರು ಕೇರಿ ಎರಡೂ ಕಡೆಯ ಜನ ಒಟ್ಟಿಗೆ ಕೂತದ್ದುಂಟು. ಆದರೆ ಬೆಟ್ಟ ಇಳಿದು ಬಂದವರಿಗೆ ಊರ ಬಾಗಿಲಲ್ಲಿ ಅದೇ ದೊಣ್ಣೆ ಕಂಡರೆ ಹಾಡು ಎಷ್ಟು ದಿನ ಕಾದೀತು? ಮೊದಲ ಮೆಟ್ಟಿಲು ಊರಿನವರು ಕಟ್ಟಿಕೊಡಬೇಕಾದ ಸಾಲ. ಅದನ್ನು ವಸೂಲು ಮಾಡುತ್ತಲೇ, ದಿಗಿಲು ಬಿದ್ದ ನಮ್ಮವರ ಪಕ್ಕ ಕೂತು 'ಏನಾಯ್ತವ್ವಾ' ಎಂದು ಕೇಳುವುದನ್ನೂ ನಾವು ಕಲಿಯಬೇಕು. ನಮ್ಮ ವಿಮರ್ಶೆ ಕೂಡ ಅಲ್ಲಿಂದ ಶುರುವಾಗಲಿ.