ಫೋನಿನೊಳಗಿನ ಸಮಾಧಾನ

ಮನಸ್ಸಿನ ಭಾರವನ್ನು ಇಳಿಸಲು ಈಗ ಫೋನಿನಲ್ಲಿಯೇ ಯಂತ್ರಗಳು ಬಂದಿವೆ. ದುಃಖವನ್ನು ಬರೆದು ತಿಳಿಸಿದರೆ ಪ್ರಶ್ನೆ ಕೇಳುತ್ತವೆ, ಉಸಿರಾಟದ ಅಭ್ಯಾಸ ಹೇಳಿಕೊಡುತ್ತವೆ, ಆಲೋಚನೆಯನ್ನು ತಿದ್ದಿಕೊಳ್ಳುವ ದಾರಿ ತೋರಿಸುತ್ತವೆ. ಇದು ವೈದ್ಯರು ನೋಡಬೇಕಾದ ವಿಷಯ, ವಿಮರ್ಶಕನಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಬೆಂಗಳೂರಿನ ವೈಸಾ, ಅಮೆರಿಕದ ವೋಬಾಟ್ ಮೊದಲಾದವು ಆಡಿದ ಮಾತೆಲ್ಲ ಬಹುಮಟ್ಟಿಗೆ ತಜ್ಞರು ಮೊದಲೇ ಬರೆದಿಟ್ಟದ್ದು. ಬರೆದದ್ದೆಂದ ಮೇಲೆ ಅದು ವಿಮರ್ಶೆಗೆ ಹೊರತಲ್ಲ.

ಈ ವಂಶದ ಮೂಲಪುರುಷ 1966ರ 'ಎಲೈಜಾ'. ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜೆನ್‌ಬಾಮ್ ರಚಿಸಿದ ಈ ಯಂತ್ರ ಮಾಡುತ್ತಿದ್ದುದು ಇಷ್ಟೇ: ನಾವು ಹೇಳಿದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ನಮಗೆ ಒಪ್ಪಿಸುವುದು. ಆದರೂ ಅದರೊಡನೆ ಮಾತಿಗೆ ಕುಳಿತ ಅವರ ಕಾರ್ಯದರ್ಶಿನಿ, ತುಸು ಹೊರಗೆ ಹೋಗಿ ಎಂದು ಅವರನ್ನೇ ಕೇಳಿಕೊಂಡಳಂತೆ! ಕೇಳುವವರಿಗಾಗಿ ಮನುಷ್ಯ ಎಷ್ಟು ಹಂಬಲಿಸುತ್ತಾನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಂದಿನ ಯಂತ್ರಗಳು ಇದಕ್ಕಿಂತ ಬಹಳ ಮುಂದುವರಿದಿವೆ. 2017ರಲ್ಲಿ ವೋಬಾಟ್ ಅನ್ನು 70 ಜನ ತರುಣ ತರುಣಿಯರ ಮೇಲೆ ಪರೀಕ್ಷಿಸಿದಾಗ, ಕೇವಲ ಪುಸ್ತಕ ಓದಿದವರಿಗಿಂತ ಅದರೊಡನೆ ಮಾತಾಡಿದವರ ಖಿನ್ನತೆ ಎರಡು ವಾರಗಳಲ್ಲಿ ಹೆಚ್ಚು ಇಳಿಯಿತು. ಈ ಗುಣವನ್ನು ಒಪ್ಪಲೇಬೇಕು. ಆದರೆ ಅವರು ಇಂಗ್ಲಿಷ್ ಬಲ್ಲ ಯುವಕರು, ಅವಧಿಯೂ ಚಿಕ್ಕದು. ನಮ್ಮ ಮನೆಯ ಹಿರಿಯರ ಗತಿ ಏನು?

ನನ್ನ ಪರಿಚಯದವರೊಬ್ಬರು ವಿಜಯಪುರದ ಕಡೆಯವರು. ಪತ್ನಿ ತೀರಿದ ಮೇಲೆ ಕೋಥರೂಡಿನಲ್ಲಿ ಮಗನ ಮನೆಗೆ ಬಂದವರು. ಮಗ ಬೆಳಿಗ್ಗೆ ಹಿಂಜವಡಿಗೆ ಹೊರಟರೆ ಮರಳುವುದು ರಾತ್ರಿಗೆ. ಮೊಮ್ಮಗಳು ಅಕ್ಕರೆಯಿಂದ ಇಂಥದೊಂದು ಯಂತ್ರವನ್ನು (ಮೇಲೆ ಹೆಸರಿಸಿದವಲ್ಲ) ಫೋನಿನಲ್ಲಿ ಹಾಕಿಕೊಟ್ಟಳು. "ಹೊತ್ತ ಹೋಗವಲ್ದವಾ, ಜೀವಕ್ಕ ಬ್ಯಾಸರಾಗೇದ" ಎಂದರು ಅಜ್ಜ. ಪುಣೆಯಲ್ಲೇ ಬೆಳೆದ ಹುಡುಗಿ ಅದನ್ನು 'ಬೋರ್ ಆಗಿದೆ' ಎಂದು ಇಂಗ್ಲಿಷಿಗಿಳಿಸಿ ಒತ್ತಿದಳು. ಹೊಸ ಹವ್ಯಾಸವೊಂದನ್ನು ಹಿಡಿಯಿರಿ ಎಂದು ಯಂತ್ರ ಉತ್ತರಿಸಿತು. ಜೀವಕ್ಕೆ ಬೇಸರವಾಗುವುದೆಂದರೆ ಬದುಕೇ ಸಾಕೆನಿಸುವುದೆಂದು ಅದಕ್ಕೆ ಹೇಳುವವರಾರು? ರಾತ್ರಿ ಅದೇ ಮಾತು ಕನ್ನಡದಲ್ಲಿ ಮಗನ ಕಿವಿಗೆ ಬಿತ್ತು. ಆತ ಊಟ ಬಿಟ್ಟೆದ್ದ. ಮರುದಿನವೇ ಮನೋವೈದ್ಯರಲ್ಲಿಗೆ ಕರೆದೊಯ್ದ. ಈಗ ಚಿಕಿತ್ಸೆ ನಡೆದಿದೆ.

ಆ ಯಂತ್ರದ ದೋಷ ಕೇವಲ ಅನುವಾದದ್ದಲ್ಲ. ಮಾತಿಗಿಂತ ಮೊದಲು ಬಂದ ನಿಟ್ಟುಸಿರು ಅದಕ್ಕೆ ತಲುಪಲಿಲ್ಲ.

ಈ ದೃಷ್ಟಿಯಿಂದ 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ 'ಟೆಲಿ ಮಾನಸ್' ನನಗೆ ಹೆಚ್ಚು ಸಮರ್ಪಕವೆನಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. 14416ಕ್ಕೆ ಕರೆ ಮಾಡಿದರೆ ಯಂತ್ರದ ಧ್ವನಿ ಮೊದಲು ಭಾಷೆಯನ್ನು ಕೇಳುತ್ತದೆ. ಅನಂತರ ಮಾತಾಡುವವರು ತರಬೇತಿ ಪಡೆದ ಆಪ್ತಸಲಹೆಗಾರರು, ಅಗತ್ಯ ಬಿದ್ದರೆ ತಜ್ಞರು. ಸೈನಿಕರಿಗೂ ಅವರ ಕುಟುಂಬದವರಿಗೂ ಇದರದೊಂದು ಪ್ರತ್ಯೇಕ ಘಟಕ 2023ರ ಡಿಸೆಂಬರ್ 1ರಂದು ನಮ್ಮ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿಯೇ ಆರಂಭವಾಯಿತು. ಇಲ್ಲಿ ಯಂತ್ರ ಬಾಗಿಲು ತೆರೆಯುತ್ತದೆ, ಒಳಗೆ ಮನುಷ್ಯರಿದ್ದಾರೆ.

ಒಟ್ಟಿನಲ್ಲಿ ನನ್ನ ಅಭಿಪ್ರಾಯವಿಷ್ಟು: ನಿದ್ದೆಗೆಟ್ಟವರಿಗೆ, ಹಗುರಾದ ಖಿನ್ನತೆಯುಳ್ಳವರಿಗೆ ಈ ಯಂತ್ರಗಳು ವ್ಯಾಯಾಮಶಾಲೆಯಂತೆ ಉಪಯುಕ್ತ. ಬದುಕೇ ಬೇಡವೆನ್ನುವವರನ್ನು ಮಾತ್ರ ಇವುಗಳ ಕೈಗೊಪ್ಪಿಸಿ ನಾವು ನಿಶ್ಚಿಂತರಾಗಕೂಡದು. ಅಷ್ಟು ಹೆಸರಾಗಿದ್ದ ವೋಬಾಟ್ ಕೂಡ 2025ರ ಜೂನ್ 30ರಂದು ಬಾಗಿಲು ಮುಚ್ಚಿತು. ಅದರೊಡನೆ ದಿನವೂ ಮಾತಾಡುತ್ತಿದ್ದವರು ಮರುದಿನ ಯಾರನ್ನು ಕೇಳಬೇಕು?

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಹಗಲೆಲ್ಲ ಒಬ್ಬರೇ ಕುಳಿತಿರುವ ಹಿರಿಯರು ಕಡಿಮೆಯಿಲ್ಲ. ಅವರಿಗೆ ಹೊಸ ಫೋನು ಕೊಡಿಸಿದವರು, ಸಂಜೆ ಅರ್ಧ ಗಂಟೆ ಅವರ ಪಕ್ಕದಲ್ಲಿ ಕುಳಿತು ಅವರ ಊರಿನ ಕನ್ನಡದಲ್ಲಿಯೇ ನಾಲ್ಕು ಮಾತಾಡಲಿ.