ಹಿಂಬಾಗಿಲ ಬಸವನಗುಡಿ

ಗವಿಪುರದ ಮಾಸ್ತಿಯವರ ಮನೆಯ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಬರೆಯಲು ಕೂತರೆ ಮನೆಗಿಂತ ಮೊದಲು ಕಣ್ಣಿಗೆ ಕಟ್ಟುವುದು ಆ ಮನೆಯಿಂದ ಹೊರಟು ಗಾಂಧಿಬಜಾರು ಹಾಯ್ದು ಬಸವನಗುಡಿ ಕ್ಲಬ್ಬು ಸೇರುವ ದಾರಿ. ಉದ್ದ ಕೋಟು, ಹಣೆಯಲ್ಲಿ ನಾಮ, ಕೈಯಲ್ಲಿ ಕೊಡೆ. ಸಂಜೆಯಾದರೆ ಮಾಸ್ತಿ ನಡೆದೇ ಹೋಗಿ ಇಸ್ಪೀಟಾಡಿ ಬರುತ್ತಿದ್ದರು. ಮಂತ್ರಿ ಪದವಿ ತಮ್ಮನ್ನು ದಾಟಿ ಕಿರಿಯರ ಪಾಲಾಯಿತೆಂದು 1943ರಲ್ಲಿ ಸರ್ಕಾರಿ ಕೆಲಸ ಬಿಟ್ಟವರು, 1944ರಿಂದ 1965ರವರೆಗೆ ‘ಜೀವನ’ ಪತ್ರಿಕೆ ನಡೆಸಿದವರು, 1983ರ ಜ್ಞಾನಪೀಠ ಪಡೆದವರು. ಬಜಾರಿನ ಜನಕ್ಕೆ ಮಾತ್ರ ದಿನಾ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ಕಾಣುವ ಹಿರಿಯರು. 1960ರಲ್ಲಿ ಬಂದ ತಮ್ಮ ಮೊದಲ ಸಂಕಲನಕ್ಕೆ ‘ಮನಸು ಗಾಂಧಿಬಜಾರು’ ಎಂದು ಹೆಸರಿಟ್ಟ ನಿಸಾರ್ ಅಹಮದರು ಮುಂದೆ ಮಾಸ್ತಿಯವರ ಮೇಲೆ ಪದ್ಯ ಬರೆದಾಗ ಹಿಡಿದದ್ದೂ ಈ ಸಂಜೆಯ ನಡಿಗೆಯನ್ನೇ.

ನಡಿಗೆಯ ಅಳತೆಯಲ್ಲೇ ಈ ಬಡಾವಣೆಯ ಚರಿತ್ರೆ ಇದೆ. ಡಿ.ವಿ. ಗುಂಡಪ್ಪನವರು ಇದ್ದದ್ದು ನಾಗಸಂದ್ರ ರಸ್ತೆಯಲ್ಲಿ, ಅಂದರೆ ಇವತ್ತಿನ ಡಿವಿಜಿ ರಸ್ತೆಯಲ್ಲಿ. ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಶುರು ಮಾಡಿದ್ದು 1945ರಲ್ಲಿ. ಅದೇ ವರ್ಷ, ಅದೇ ಬಸವನಗುಡಿಯಲ್ಲಿ, ಮುಂಬೈ ಕಡೆಯ ಪಾರ್ಸಿ ಬಿ.ಪಿ. ವಾಡಿಯಾ ಅವರು ವಿಶ್ವ ಸಂಸ್ಕೃತಿ ಸಂಸ್ಥೆ ತೆರೆದರು. ಅದಕ್ಕೆ ಎರಡು ವರ್ಷ ಮೊದಲು ವಿದ್ಯಾರ್ಥಿ ಭವನದ ಕಾವಲಿಯ ಮೇಲೆ ದೋಸೆ ಸುರಿಯತೊಡಗಿತ್ತು. ಭಾಷಣ ಕೇಳಿ, ಲೈಬ್ರರಿಗೆ ಹೋಗಿ, ತಿಂಡಿ ತಿಂದು, ಕತ್ತಲಾಗುವ ಮುಂಚೆ ಕಾಲ್ನಡಿಗೆಯಲ್ಲೇ ಮನೆ ಸೇರಬಹುದಿತ್ತು. ಡಿವಿಜಿಯವರಿಗೆ 1970ರಲ್ಲಿ ನಾಡು ಅರ್ಪಿಸಿದ 90,000 ರೂಪಾಯಿ ಅವರ ಮನೆಯಲ್ಲಿ ಉಳಿಯದೆ ನೇರ ಗೋಖಲೆ ಸಂಸ್ಥೆಗೆ ಹೋಯಿತು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ತಕರಾರು ಗೊತ್ತು. ಬಡಾವಣೆಯ ಚರಿತ್ರೆ ಎಂದರೆ ಯಾವ ಸಾಹಿತಿ ಯಾವ ನಂಬರಿನ ಮನೆಯಲ್ಲಿದ್ದರು ಎಂಬ ಪಟ್ಟಿ, ಆ ಮನೆಯ ಗೋಡೆಗೊಂದು ಫಲಕ, ಫಲಕದ ಮುಂದೊಂದು ಫೋಟೋ ಎಂದು ನಂಬಿದವರ ಪಂಥವೊಂದಿದೆ. ಅವರ ಪ್ರೀತಿ ನಿಜವಾದದ್ದೇ. ಆದರೆ ಆ ಪಟ್ಟಿಯೊಳಗೆ ಬರಲು ಮೊದಲು ಸ್ವಂತ ಮನೆ ಇರಬೇಕು, ಖಾತೆ ಇರಬೇಕು. ಇಪ್ಪತ್ತು ವರ್ಷ ಬಾಡಿಗೆಗಿದ್ದವರು ಅಲ್ಲಿ ಕಾಣುವುದಿಲ್ಲ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಪೂರ್ವ ಆಂಜನೇಯ ದೇವಸ್ಥಾನದ ರಸ್ತೆಯ ಕಚೇರಿಯಿಂದ ವಾರ ವಾರ ಹೊರಬಂದು ನಾಡನ್ನು ಅಲ್ಲಾಡಿಸಿತು; ಕಚೇರಿ ಎಂಬ ಒಂದೇ ಕಾರಣಕ್ಕೆ ಅದೂ ಈ ಪಟ್ಟಿಯಲ್ಲಿ ಬರದು.

ಇನ್ನು ಎಚ್. ನರಸಿಂಹಯ್ಯನವರನ್ನು ಎಲ್ಲಿ ಬರೆದುಕೊಳ್ಳುತ್ತೀರಿ? ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಎರಡು ದಿನ ನಡೆದು ಬೆಂಗಳೂರು ತಲುಪಿ ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗ. 1942ರಲ್ಲಿ ಜೈಲು ಕಂಡರು, ಅಮೆರಿಕದಲ್ಲಿ ನ್ಯೂಕ್ಲಿಯರ್ ಭೌತಶಾಸ್ತ್ರ ಓದಿ ಡಾಕ್ಟರೇಟ್ ಪಡೆದು ವಾಪಸು ಬಂದರು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಬಾಳಿನ ಬಹುಪಾಲು ಕಾಲೇಜು ಹಾಸ್ಟೆಲಿನ ಒಂದು ಕೋಣೆಯಲ್ಲಿ, ಹುಡುಗರ ಸದ್ದಿನ ನಡುವೆಯೇ ಕಳೆಯಿತು. 2005ರಲ್ಲಿ ತೀರಿಕೊಂಡಾಗ ವಾರಸುದಾರರಿಗೆ ಬಿಟ್ಟುಹೋಗಲು ಬಸವನಗುಡಿಯಲ್ಲಿ ಅವರದೆಂಬ ಒಂದು ಗಜ ನೆಲವಿರಲಿಲ್ಲ. 1962ರಲ್ಲಿ ಅವರು ಹುಟ್ಟುಹಾಕಿದ ಬೆಂಗಳೂರು ವಿಜ್ಞಾನ ವೇದಿಕೆಯ ಬುಧವಾರದ ಉಪನ್ಯಾಸಗಳಿಗೆ ಬಂದು ಕೂತ ಸಾವಿರಾರು ಮಂದಿಯನ್ನು ಕೇಳಿ ನೋಡಿ, ಬಸವನಗುಡಿಯ ನಿವಾಸಿ ಎಂದರೆ ಯಾರು ಎಂದು. ನನ್ನ ಮಟ್ಟಿಗೆ ಮೊದಲ ಹೆಸರು ಅವರದೇ.

ಅಲ್ಲಿಗೂ ಪಟ್ಟಿ ಮುಗಿಯುವುದಿಲ್ಲ. ಕಳೆದ ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನಲ್ಲಿ ಹೂವು ಕೊಂಡವನು ಮುಖ್ಯರಸ್ತೆ ಬಿಟ್ಟು ಹಿಂದಿನ ಗಲ್ಲಿಗೆ ಇಳಿದೆ. ಎರಡು ಸಾಲು ಮನೆಗಳ ಬೆನ್ನು ಬೆನ್ನಿನ ನಡುವೆ ಓಡುವ, ಕನ್ಸರ್ವೆನ್ಸಿ ಲೇನ್ ಎಂದು ಹಿರಿಯರು ಇಂದಿಗೂ ಕರೆಯುವ ಗಲ್ಲಿ. 1898ರಲ್ಲಿ ಪೇಟೆಗೆ ಪ್ಲೇಗು ನುಗ್ಗಿದಾಗ ಗಾಳಿ ಬೆಳಕು ಬೇಕೆಂದು ಊರು ಹಿಗ್ಗಿತು; ಬಸವನಗುಡಿಯೂ ಮಲ್ಲೇಶ್ವರವೂ ಬೆಳೆದದ್ದು ಆ ಭಯದಲ್ಲೇ. ಸುಂಕೇನಹಳ್ಳಿಯವರು ಕಡಲೆಕಾಯಿ ಬೆಳೆಯುತ್ತಿದ್ದ ನೆಲದಲ್ಲಿ ನೇರ ರಸ್ತೆ ಎಳೆದರು, ಜಾತಿವಾರು ನಿವೇಶನ ಹಂಚಿದರು. ಪ್ರತಿ ಮನೆಗೂ ಮುಂದೊಂದು ರಸ್ತೆ, ಹಿಂದೊಂದು ಗಲ್ಲಿ. ಮುಂದಿನ ರಸ್ತೆ ಕೋಟು ಪೇಟದವರಿಗೆ. ಹಿಂದಿನದು ಬೆಳಗಿನ ಜಾವ ಕಕ್ಕಸಿನ ಬುಟ್ಟಿ ಹೊತ್ತು ಹೋಗುವವರಿಗೆ.

ಅಲ್ಲೊಂದು ಕಲ್ಲಿನ ಗೋಡೆ ಇನ್ನೂ ನಿಂತಿದೆ. ನೆಲಕ್ಕೆ ಹತ್ತಿದಂತೆ, ಬಗ್ಗಿದರಷ್ಟೇ ಕೈ ತಲುಪುವ ಎತ್ತರದಲ್ಲಿ, ಮೊಳದಗಲದ ಕಿಂಡಿಯೊಂದರ ಗುರುತು. ಮೂರು ಕಡೆ ಸೈಜುಗಲ್ಲು, ನಡುವೆ ಯಾವಾಗಲೋ ಇಟ್ಟಿಗೆ ತುಂಬಿ ಸಿಮೆಂಟು ಮೆತ್ತಿದ್ದಾರೆ. ಕೆಳಗಿನ ಚಪ್ಪಡಿ ಮಾತ್ರ ಹಾಗೇ ಇದೆ, ತಗಡಿನ ಡಬ್ಬ ಎಳೆದೆಳೆದು ಅಂಚು ಸವೆದು ನುಣುಪಾಗಿದೆ. ನಾನು ಅಲ್ಲಿ ಕುಕ್ಕರಗಾಲಲ್ಲಿ ಕೂತು ಆ ಅಂಚಿನ ಮೇಲೆ ಬೆರಳಾಡಿಸಿದೆ. ಮಾಸ್ತಿ ದಾರಿಗೆ ಇಳಿದಷ್ಟೇ ನಿಯಮದಿಂದ, ಅವರಿಗಿಂತ ಎಷ್ಟೋ ಮುಂಚೆ ಎದ್ದು, ಈ ದಾರಿಯಲ್ಲೂ ಯಾರೋ ದಿನವೂ ನಡೆದಿದ್ದಾರೆ. 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಅಲ್ಲಿಯತನಕ ಈ ಬಡಾವಣೆಯ ಎಲ್ಲ ಹೆಸರಾಂತ ಮನೆಗಳ ಹಿಂಬದಿಯಲ್ಲಿ ಬಗ್ಗಿದವರ ಒಂದು ಹೆಸರೂ ನಮ್ಮ ಯಾವ ಪುಸ್ತಕದಲ್ಲೂ ಬಂದಿಲ್ಲ.

ಈಗ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕುರುಳುತ್ತಿವೆ. ಮುಂಬದಿಯ ಮಂಗಳೂರು ಹೆಂಚು, ಕಟಾಂಜನಗಳನ್ನು ಯಾರಾದರೂ ಫೋಟೋ ತೆಗೆದಿಟ್ಟುಕೊಳ್ಳುತ್ತಾರೆ. ಹಿಂದಿನ ಗೋಡೆಯತ್ತ ಯಾರೂ ಸುಳಿಯುವುದಿಲ್ಲ. ಬಸವನಗುಡಿ, ಗವಿಪುರ, ಎನ್.ಆರ್. ಕಾಲೊನಿಯಲ್ಲಿ ಇಂಥ ಕಿಂಡಿಯಿರುವ ಗೋಡೆ ನಿಮ್ಮ ಹಿತ್ತಲಲ್ಲಿ ಉಳಿದಿದ್ದರೆ, ಜೆಸಿಬಿ ಬರುವ ಮುಂಚೆ ನನಗೊಂದು ಸಾಲು ಬರೆದು ತಿಳಿಸಿ, ಬಂದು ನೋಡುತ್ತೇನೆ. ಆ ಗಲ್ಲಿಯಲ್ಲಿ ಕೆಲಸ ಮಾಡಿದವರ ಮಕ್ಕಳೋ ಮೊಮ್ಮಕ್ಕಳೋ ಇದನ್ನು ಓದುತ್ತಿದ್ದರೆ, ಅವರ ಮಾತು ಕೇಳಲು ನಾನೇ ಅವರ ಮನೆ ಬಾಗಿಲಿಗೆ ಬರುತ್ತೇನೆ. ಮಾಸ್ತಿಯವರ ಮನೆಯ ಕಥೆ ಇನ್ನೊಂದು ವಾರ ಕಾಯಬಲ್ಲದು.